ಆತೀ ಹೂಂ ಎಂದು ಹೊರಟವರು

ಅಕ್ಕ ತೀರಿಕೊಂಡ ಸುದ್ದಿ ನನಗೆ ಗೊತ್ತಾದದ್ದು ವಿಶ್ವವಿದ್ಯಾಲಯದ ಇ-ಮೇಲಿನಿಂದ. ನಿವೃತ್ತರಾದ ಮೇಲೆ ಪುಣೆಯಲ್ಲಿ ಮಗನ ಜೊತೆ ಇದ್ದರು, ಅಲ್ಲೇ ಹೋದರಂತೆ. ಇ-ಮೇಲಿನಲ್ಲಿ ಅವರ ವಿಭಾಗ ತಪ್ಪಾಗಿತ್ತು. ಸಸ್ಯಶಾಸ್ತ್ರದ ಬದಲು ಪ್ರಾಣಿಶಾಸ್ತ್ರ ಎಂದಿತ್ತು. ಸರಿಯಾಗಿದ್ದದ್ದು ಕೊನೆಯ ವಾಕ್ಯ ಒಂದೇ: ‘ಈ ದುಃಖದ ಗಳಿಗೆಯಲ್ಲಿ ವಿಶ್ವವಿದ್ಯಾಲಯವು ತನ್ನ ಸಮುದಾಯದ ಜೊತೆ ದೃಢವಾಗಿ ನಿಂತಿದೆ.’ ಅದು ಸರಿಯಾಗಿರಲೇಬೇಕು, ಏಕೆಂದರೆ ಬರೆದವನು ನಾನು. ಸಾರ್ವಜನಿಕ ಸಂಪರ್ಕ ವಿಭಾಗದಲ್ಲಿದ್ದಾಗ ಬೇರೊಂದು ಸಾವಿಗೆ ಬರೆದದ್ದನ್ನು ಯಾರೋ ಹಾಗೇ ಎತ್ತಿ ಅಂಟಿಸಿದ್ದಾರೆ. ಆ ವಾಕ್ಯ ಕಂಡರೆ ಅಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. ಅದನ್ನೇ ತಂದು ಅವರ ಮೇಲೆ ಹೊದಿಸಿದ್ದಾರೆ. ಆ ಸಿಟ್ಟಿನಲ್ಲೇ ಇದನ್ನು ಬರೆಯಲು ಕೂತೆ.

ಹೆಸರು ಬರೆಯುವುದಿಲ್ಲ. ಬರೆದರೆ ಬೈಯುತ್ತಿದ್ದರು. ಫೋಟೋ ಹಾಕಿ ಹಾರ ಹಾಕುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ವಿಶ್ವವಿದ್ಯಾಲಯಕ್ಕೆ ಅವರು ವಿದ್ಯಾರ್ಥಿ ಕಲ್ಯಾಣದ ಡೀನ್, ಹುಡುಗರಿಗೆ ಮೇಡಂ, ನಮ್ಮಂಥ ಕನ್ನಡದ ನಾಲ್ಕು ಜನಕ್ಕೆ ಅಕ್ಕ. ಹಾಸನದ ಕಡೆಯವರು. ಗಂಡನಿಗೆ ಕೇಂದ್ರ ಸರ್ಕಾರದ ಕೆಲಸ ಇದ್ದದ್ದರಿಂದ ಮೊದಲು ದೆಹಲಿಯ ಕಿದ್ವಾಯಿ ನಗರದ ಕ್ವಾರ್ಟರ್ಸಿನಲ್ಲಿದ್ದು, ಆಮೇಲೆ ವಸಂತ್ ಕುಂಜ್‌ನ ಫ್ಲ್ಯಾಟಿಗೆ ಬಂದವರು. ಕುಳ್ಳಗೆ, ದಪ್ಪಗೆ, ಚಳಿಗಾಲದಲ್ಲಿ ಸೀರೆಯ ಮೇಲೆ ಗಂಡನ ಸ್ವೆಟರು ಹಾಕಿಕೊಂಡು ಬರುತ್ತಿದ್ದರು. ಸಭೆಯಲ್ಲಿ ಯಾರಾದರೂ ಸುತ್ತಿ ಬಳಸಿ ಮಾತಾಡಿದರೆ ಕನ್ನಡಕದ ಡಬ್ಬಿಯಿಂದ ಮೇಜು ಕುಟ್ಟುತ್ತಿದ್ದರು. ಆ ಶಬ್ದ ಕೇಳಿದರೆ ನಮ್ಮ ಕುಲಸಚಿವರ ಹುಬ್ಬು ತಾನಾಗಿ ಮೇಲೆ ಹೋಗುತ್ತಿತ್ತು.

ಅವರ ಹಿಂದಿಯ ಬಗ್ಗೆ ಹೇಳದೆ ಅಕ್ಕನ ಬಗ್ಗೆ ಹೇಳಿದ ಹಾಗಾಗುವುದಿಲ್ಲ. ಅಷ್ಟು ವರ್ಷ ದೆಹಲಿಯಲ್ಲಿದ್ದೂ ಅವರ ಹಿಂದಿಯಲ್ಲಿ ಗಂಡಸರೆಲ್ಲ ಹೆಂಗಸರು, ಹೆಂಗಸರೆಲ್ಲ ಗಂಡಸರು. ತರಕಾರಿ ಭಯ್ಯಾನನ್ನು ‘ಭಯ್ಯಾ, ಕಲ್ ಕ್ಯೂಂ ನಹೀಂ ಆಯೀ?’ ಎಂದು, ನಿನ್ನೆ ಯಾಕೆ ಬರಲಿಲ್ಲವೇ ಎಂದು ಹೆಂಗಸನ್ನು ಕೇಳುವ ಹಾಗೆ ಗದರುವರು. ಅವನು ನಾಚಿ ಇನ್ನೊಂದು ಕಂತೆ ಕೊತ್ತಂಬರಿ ಹಾಕುವನು. ತಿದ್ದಲು ಹೋದರೆ ಹೇಳುತ್ತಿದ್ದರು, “ನಂಗೆ ಅವನು ಗಂಡಸು ಅಂತ ಗೊತ್ತು, ಅವನಿಗೂ ಗೊತ್ತು, ನಿಂಗೇನೋ ಮಧ್ಯ?”

ಎಲ್ಲಕ್ಕಿಂತ ದೊಡ್ಡ ಫಜೀತಿ ‘ಆತೀ ಹೂಂ’ದು. ನಮ್ಮಲ್ಲಿ ಎದ್ದು ಹೊರಡುವವರು ‘ಹೋಗ್ತೀನಿ’ ಅನ್ನುವುದಿಲ್ಲ. ‘ಬರ್ತೀನಿ’ ಅನ್ನುತ್ತೇವೆ. ಅಕ್ಕ ಅದನ್ನು ಹಿಂದಿಗೆ ಹಾಗೇ ಎತ್ತಿ ಇಟ್ಟಿದ್ದರು. ಯಾರ ಕೋಣೆಯಿಂದ ಏಳಲಿ, ‘ಅಚ್ಛಾ, ಆತೀ ಹೂಂ’. ಹಿಂದಿಯವರ ಕಿವಿಗೆ ಇದು ‘ಇಲ್ಲೇ ಇರಿ, ಈಗ ಬಂದೆ’ ಎಂದು ಬೀಳುತ್ತದೆ. ಅಕ್ಕ ಬಸ್ಸು ಹತ್ತಿ ಮನೆ ಸೇರಿರುತ್ತಿದ್ದರು. ಪರೀಕ್ಷಾ ವಿಭಾಗದ ಬಾಬು ಅವರ ಚಹಾಕ್ಕೆ ತಟ್ಟೆ ಮುಚ್ಚಿಕೊಂಡು ಕಚೇರಿಗೆ ಬೀಗ ಹಾಕದೆ ಕಾಯುತ್ತಿರುತ್ತಿದ್ದ. ಎಷ್ಟೋ ಸಲ ಹೀಗಾಗಿದೆ. ಕೊನೆಗೆ ಕಚೇರಿಯಲ್ಲಿ ಎಂದೂ ಬಾರದ ಬಡ್ತಿಯ ಬಗ್ಗೆ, ಎಂದೂ ಬಾರದ ಸಾಮಾನಿನ ಬಗ್ಗೆ, ‘ಮೇಡಂ ಆ ರಹೀ ಹೈಂ’, ಮೇಡಂ ಬರ್ತಿದಾರೆ, ಎನ್ನುವುದು ರೂಢಿಯಾಯಿತು. ಅಕ್ಕನಿಗೆ ಇದು ಗೊತ್ತಿತ್ತು, ತಿದ್ದಿಕೊಳ್ಳಲಿಲ್ಲ. “ಹೊಸಿಲು ದಾಟುವಾಗ ‘ಜಾತೀ ಹೂಂ’ ಅನ್ನಕ್ಕೆ ನಾಲಿಗೆ ಏಳಲ್ಲ ಕಣೋ, ಏನ್ಮಾಡ್ಲಿ” ಎನ್ನುತ್ತಿದ್ದರು.

ಈ ನಾಲಿಗೆಯೇ ಅವರನ್ನು ಒಂದು ಮನೆಗೆ ಕಟ್ಟಿಹಾಕಿತು. ಅದನ್ನು ಹೇಳಬೇಕಾದರೆ ಆ ಗಲ್ಲಿಯ ವಿಷಯ ಹೇಳಬೇಕು.

ನಮ್ಮ ವಿಶ್ವವಿದ್ಯಾಲಯ ದೆಹಲಿಯ ಗಡಿಗೆ ಅಂಟಿಕೊಂಡಿದೆ. ಹಿಂದಿನ ಗೇಟಿನಿಂದ ಹೊರಬಿದ್ದರೆ ಒಂದು ಗಲ್ಲಿ. ಅಲ್ಲಿ ಜೆರಾಕ್ಸ್ ಅಂಗಡಿ, ಮೊಬೈಲ್ ರಿಪೇರಿ, ಮೋಮೊ ಗಾಡಿಗಳು, ಹುಡುಗರು ಬಾಡಿಗೆಗಿರುವ ಕೋಣೆಗಳು. ಒಂದು ಚಳಿಗಾಲದ ಸಂಜೆ ಅಲ್ಲಿ ಹೊರಗಿನ ಎರಡು ಗುಂಪು ಕಾರು ನಿಲ್ಲಿಸುವ ಜಾಗಕ್ಕೆ ಜಗಳ ತೆಗೆದವು. ಒಬ್ಬ ಪಿಸ್ತೂಲು ತೆಗೆದ. ಗುಂಡು ಬಿದ್ದದ್ದು ಜಗಳದ ಕಡೆ ತಿರುಗಿಯೂ ನೋಡದ, ಮೋಮೊ ಗಾಡಿಯ ಮುಂದೆ ನಿಂತು ತಿನ್ನುತ್ತಿದ್ದ ನಮ್ಮ ಎಂ.ಎಸ್‌ಸಿ. ಹುಡುಗಿಗೆ. ಜನಕಪುರಿಯ ಹುಡುಗಿ, ದಿನಾ ಮೆಟ್ರೋದಲ್ಲಿ ಬಂದು ಹೋಗುವವಳು. ಮನೆಯಲ್ಲಿ ಮಿನ್ನಿ ಎಂದು ಕರೆಯುತ್ತಿದ್ದರು. ಅವಳ ಜೊತೆಗಿದ್ದವಳು ಸಹಪಾಠಿ ರೇಷ್ಮಾ, ವಿಜಯಪುರದವಳು, ನಮ್ಮ ಹಾಸ್ಟೆಲಿನವಳು.

ರೇಷ್ಮಾ ಗೇಟಿಗೆ ಓಡಿ ಬಂದಳು. ಗೇಟಿನ ಒಳಗೇ ವಿಶ್ವವಿದ್ಯಾಲಯದ ಆಂಬುಲೆನ್ಸ್ ನಿಂತಿತ್ತು. ಆದರೆ ಅದು ಕ್ಯಾಂಪಸ್ಸಿನ ಹೊರಗೆ ಹೋಗಬೇಕಾದರೆ ಮೇಲಿನವರ ಅನುಮತಿ ಬೇಕು. ಡ್ರೈವರ್ ಫೋನು ಹಚ್ಚುತ್ತ ನಿಂತ. ಮೇಲಿನವರು ಸಭೆಯಲ್ಲಿದ್ದರು. ಅನುಮತಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಡ್ರೈವರನನ್ನು ನಾನು ಬೈಯುವುದಿಲ್ಲ. ಹಿಂದೊಮ್ಮೆ ಅನುಮತಿಯಿಲ್ಲದೆ ಹೊರಗೆ ಹೋಗಿದ್ದಕ್ಕೆ ಅವನ ಜೊತೆಯವನನ್ನು ಕೆಲಸದಿಂದ ತೆಗೆದಿದ್ದರು.

ಮಾರನೇ ದಿನದಿಂದ ವಿಶ್ವವಿದ್ಯಾಲಯ ತನ್ನ ಸಮುದಾಯದ ಜೊತೆ ನಿಲ್ಲಲು ಶುರು ಮಾಡಿತು. ನಾನು ಆ ವಾಕ್ಯ ಬರೆದೆ. ಕರಡು ತಿದ್ದಿಸಲು ಅಕ್ಕನ ಹತ್ತಿರ ಹೋದರೆ ಅದನ್ನು ಓದಿ, ಕನ್ನಡಕ ತೆಗೆದು, ನನ್ನ ಮುಖ ನೋಡಿದರು.

“ನಿಂತಿದೆ ಅಂತ ಬರ್ದಿದೀಯಲ್ಲ, ಎಲ್ಲಿ ನಿಂತಿದೆಯಪ್ಪಾ?”

“ಅದು ಹಾಗೇ ಬರೆಯೋದು ಅಕ್ಕ.”

“ಹಾಗಲ್ಲ. ಜಾಗ ಹೇಳು. ಯಾರ ಮನೆ ಮುಂದೆ ನಿಂತಿದೆ? ಹಾಸ್ಟೆಲಿನ ಯಾವ ಕೋಣೆ ಮುಂದೆ? ನಾನೂ ಹೋಗಿ ಅಲ್ಲೇ ನಿಂತ್ಕೋತೀನಿ.”

ನಾನು ಕರಡು ಎತ್ತಿಕೊಂಡು ಬಂದೆ. ವಾಕ್ಯ ಹಾಗೇ ಹೋಯಿತು. ಮೇಣದ ಬತ್ತಿ ಮೆರವಣಿಗೆಯಾಯಿತು. ಮನಸ್ಸಿನ ಗಾಯ ಮಾಯಲೆಂದು ಹೀಲಿಂಗ್ ವೀಕ್ ನಡೆಯಿತು. ಅದರ ಬ್ಯಾನರಿನ ಬಣ್ಣ ತಿಳಿನೀಲಿಯೋ ಬಿಳಿಯೋ ಎಂದು ಅರ್ಧ ದಿನ ಚರ್ಚೆಯಾಯಿತು. ತಬ್ಬಿಕೊಂಡರೆ ಮನಸ್ಸು ಹಗುರಾಗುತ್ತದೆ ಎಂದು ಎಲ್ಲಿಂದಲೋ ಎರಡು ದೊಡ್ಡ ನಾಯಿಗಳನ್ನು ಕರೆಸಿದರು. ಅರ್ಧ ಹುಡುಗಿಯರು ನಾಯಿಗೆ ಹೆದರಿ ಕೋಣೆಯ ಬಾಗಿಲು ಹಾಕಿಕೊಂಡರು. ಆಪ್ತ ಸಮಾಲೋಚಕರು ಒಳ್ಳೆಯವರೇ ಇದ್ದರು, ಅದನ್ನು ಹೇಳಬೇಕು. ಪಾಪ, ಊಟ ಬಿಟ್ಟು ಕೂರುತ್ತಿದ್ದರು. ಆದರೆ ಅವರ ಹತ್ತಿರ ಹೋಗಲು ಆ್ಯಪ್‌ನಲ್ಲಿ ಹೆಸರು ಹಾಕಿ, ದುಃಖ ಯಾವ ಬಗೆಯದು ಎಂದು ಪಟ್ಟಿಯಲ್ಲಿ ಒತ್ತಬೇಕಿತ್ತು. ರೇಷ್ಮಾ ಅದನ್ನು ಒತ್ತಲಿಲ್ಲ. ಅವಳು ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ. ಪೊಲೀಸರಿಗೆ ಹೇಳಿಕೆ ಕೊಟ್ಟು ಬಂದು ಗೋಡೆಗೆ ಮುಖ ಮಾಡಿ ಮಲಗಿದವಳು ತರಗತಿಗೂ ಏಳಲಿಲ್ಲ.

ಜನಕಪುರಿಗೆ ಹೋಗಿ ಬರಲು ಒಂದು ನಿಯೋಗ ಮಾಡಿದರು. ಕುಲಸಚಿವರು, ಕಾನೂನು ಘಟಕದ ಅಧಿಕಾರಿ, ಅಕ್ಕ, ಮತ್ತು ಫೋಟೋ ತೆಗೆಯಲು ನಾನು. ಕುಲಪತಿಗಳ ಸಹಿ ಇದ್ದ ಸಂತಾಪ ಪತ್ರಕ್ಕೆ ಗಾಜಿನ ಚೌಕಟ್ಟು ಹಾಕಿಸಿದ್ದರು. ಅದು ನನ್ನ ತೊಡೆಯ ಮೇಲೆ. ಕಾರಿನಲ್ಲಿ ಅಕ್ಕ ನನಗೆ ಕನ್ನಡದಲ್ಲಿ ಪಾಠ ಹೇಳಿದರು: “ಫೋನು ತೆಗೆದೆ ಅಂದ್ರೆ ಕೈ ಮುರೀತೀನಿ. ಮತ್ತೆ ಸಾವಿನ ಮನೆ ಇದು, ಹೊರಡುವಾಗ ಬರ್ತೀನಿ ಅನ್ನಬಾರದು, ನೆನಪಿರಲಿ. ಸುಮ್ನೆ ಎದ್ದು ಬಂದ್ಬಿಡು.” ನಮ್ಮ ಕಡೆ ಅದೇ ಪದ್ಧತಿ. ಸಾವಿನ ಮನೆಯಲ್ಲಿ ಮತ್ತೆ ಬರುತ್ತೇನೆ ಎನ್ನುವುದು ಕೇಡು ಕರೆದ ಹಾಗೆ. ಹೇಳದೆ ಕೇಳದೆ ಎದ್ದು ಬರಬೇಕು.

ಮಿನ್ನಿಯ ತಾಯಿ ಸರ್ಕಾರಿ ಶಾಲೆಯಲ್ಲಿ ಗಣಿತ ಕಲಿಸುವವರು. ನೆಟ್ಟಗೆ ಕೂತಿದ್ದರು. ಅಳುತ್ತಿರಲಿಲ್ಲ. ಕುಲಸಚಿವರು ಪತ್ರ ಓದಿ ಹೇಳಿದರು. ಕಾನೂನಿನವರು ‘ತನಿಖೆ ನಡೆಯುತ್ತಿರುವುದರಿಂದ’ ಎಂದು ಏನೋ ಶುರುಮಾಡಿದರು. ಗಾಜಿನ ಚೌಕಟ್ಟು ಎಲ್ಲಿಡುವುದು ಎಂದು ಯಾರಿಗೂ ಗೊತ್ತಾಗದೆ ಅದು ಸೋಫಾದ ಮೇಲೆ ಒಬ್ಬ ಮನುಷ್ಯ ಕೂರುವ ಜಾಗ ಹಿಡಿಯಿತು. ತಾಯಿ ಒಂದು ಮಾತೂ ಆಡಲಿಲ್ಲ. ಎಲ್ಲರೂ ಎದ್ದರು. ಬಾಗಿಲಲ್ಲಿ ಅಕ್ಕ ಆ ತಾಯಿಯ ಕೈ ಹಿಡಿದುಕೊಂಡರು. ನನಗೆ ಪಾಠ ಹೇಳಿದ ಅದೇ ಬಾಯಿಯಿಂದ ಅವರು, “ಆತೀ ಹೂಂ” ಅಂದುಬಿಟ್ಟರು.

ಕೆಳಗೆ ಬಂದು ಕಾರಿನಲ್ಲಿ ಕೂತ ಮೇಲೆ ಅವರಿಗೆ ಹೊಳೆಯಿತು. ಹಣೆ ಚಚ್ಚಿಕೊಂಡರು. “ಥೂ, ನನ್ನ ನಾಲಿಗೆಗೆ ಬೆಂಕಿ ಹಾಕ. ಸಾವಿನ ಮನೇಲಿ ಅಂದ್ಬಿಟ್ನಲ್ಲೋ.” ಕುಲಸಚಿವರು ಏನಾಯಿತು ಎಂದು ಹಿಂದಿಯಲ್ಲಿ ಕೇಳಿದರು. ತಲೆನೋವು ಎಂದು ನಾನೇ ಹೇಳಿದೆ.

ಕೇಡಿನ ಮಾತು ಹಾಗಿರಲಿ. ಆ ಮಾತು ಹಿಂದಿಯಲ್ಲಿ ಏನಾಗುತ್ತದೆ ಎಂಬುದು ಆ ಹೊತ್ತಿಗೆ ನಮ್ಮಿಬ್ಬರಿಗೂ ನೆನಪಾಗಲಿಲ್ಲ. ಮಾರನೇ ಬೆಳಿಗ್ಗೆ ನಮ್ಮ ಕಚೇರಿಗೆ ಫೋನು ಬಂತು. ಮಿನ್ನಿಯ ತಾಯಿ. ಆ ಸ್ವೆಟರು ಹಾಕಿಕೊಂಡ ಮೇಡಂ ಬರುತ್ತೇನೆ ಎಂದು ಹೋದರು, ಬರಲಿಲ್ಲ, ದಾರಿಯಲ್ಲಿ ಏನೂ ಆಗಿಲ್ಲ ತಾನೇ ಎಂದು ಕೇಳಿದರು. ಮಗಳು ಸಂಜೆ ಬರುತ್ತೇನೆ ಎಂದು ಹೋಗಿ ಬಾರದ ಮನೆ ಅದು. ಹೊರಗೆ ಹೋದವರು ತಡಮಾಡಿದರೆ ಆ ತಾಯಿಗೆ ಈಗ ಬೇರೆ ಏನೂ ಹೊಳೆಯುವಂತಿರಲಿಲ್ಲ.

ನಾನು ಇದನ್ನು ಹೋಗಿ ಹೇಳಿದೆ. ಅಕ್ಕ ಓದುತ್ತಿದ್ದ ಕಡತ ಮುಚ್ಚಿದರು. ಚೀಲ ಹೆಗಲಿಗೆ ಹಾಕಿಕೊಂಡರು. “ಚಲೋ” ಎಂದರು, ಅಷ್ಟೇ. ನಿಯೋಗವಿಲ್ಲ, ಕಾರಿಲ್ಲ, ಮೆಟ್ರೋದಲ್ಲಿ ಹೋದೆವು.

ಆ ದಿನ ತಾಯಿ ಮಾತಾಡಿದರು. ಪೊಲೀಸರು ಗುಂಡು ಎಲ್ಲಿ ಹೊಕ್ಕಿತು ಎಂದು ಹೇಳಿದ್ದಾರೆ, ಡಾಕ್ಟರು ಎಷ್ಟು ಹೊತ್ತಿಗೆ ಪ್ರಾಣ ಹೋಯಿತು ಎಂದು ಬರೆದುಕೊಟ್ಟಿದ್ದಾರೆ, ಟೀವಿಯವರು ಗುಂಡು ಹಾರಿಸಿದವನ ಫೋಟೋ ತೋರಿಸಿದ್ದಾರೆ. “ನಂಗೆ ಅದ್ಯಾವುದೂ ಬೇಡ” ಎಂದರು. “ಅವಳು ಕೊನೇಲಿ ಹೆದರಿದ್ದಳಾ? ಅದೊಂದು ಯಾರಾದರೂ ಹೇಳಿ. ಚಿಕ್ಕಂದಿನಿಂದ ಪುಕ್ಕಲಿ ಅವಳು. ಪಟಾಕಿ ಶಬ್ದಕ್ಕೆ ಬಂದು ನನ್ನ ಸೆರಗು ಹಿಡ್ಕೊಳ್ಳೋಳು. ಆವತ್ತು ಏನು ಹಿಡ್ಕೊಂಡಳು? ರೇಷ್ಮಾ ಇದ್ದಳಂತಲ್ಲ, ಅವಳನ್ನೊಂದು ಸಲ ಕಳಿಸಿ. ಫೋನು ಮಾಡಿದರೆ ಎತ್ತಲ್ಲ.”

ಅಕ್ಕ ಕಳಿಸುತ್ತೇನೆ ಎಂದರು. ಇಷ್ಟು ಚಿಕ್ಕ ವಿಷಯ ಎಂದುಕೊಂಡೆವು.

ಇಷ್ಟು ಚಿಕ್ಕ ವಿಷಯಕ್ಕೆ ಆ ಚಳಿಗಾಲ ಪೂರ್ತಿ ಬೇಕಾಯಿತು. ಅಕ್ಕ ನೆಟ್ಟಗಿನ ದಾರಿಯಲ್ಲೇ ಹೋದರು, ಕುಲಸಚಿವರನ್ನು ಕೇಳಿದರು. ಕುಲಸಚಿವರು ಕಾನೂನು ಘಟಕವನ್ನು ಕೇಳಿ ಎಂದರು. ಕಾನೂನು ಘಟಕ, ವಿದ್ಯಾರ್ಥಿನಿಯ ಮಾನಸಿಕ ಸ್ಥಿತಿಯ ಬಗ್ಗೆ ಸಮಾಲೋಚನಾ ಕೇಂದ್ರದ ಅಭಿಪ್ರಾಯ ಬೇಕು ಎಂದಿತು. ಸಮಾಲೋಚನಾ ಕೇಂದ್ರ, ಅವಳು ನಮ್ಮಲ್ಲಿ ಹೆಸರೇ ಹಾಕಿಲ್ಲ ಎಂದಿತು. ತಿರುಗಿ ಕುಲಸಚಿವರ ಹತ್ತಿರ ಬಂದರೆ ಅವರು ಮೆತ್ತಗೆ, ಇದನ್ನು ಬೆಳೆಸಬೇಡಿ ಮೇಡಂ, ಎಂದರು. ಸಂಗತಿ ಎಲ್ಲರಿಗೂ ಗೊತ್ತಿತ್ತು. ರೇಷ್ಮಾ ಆ ಮನೆಗೆ ಹೋದರೆ ಆಂಬುಲೆನ್ಸಿನ ಮಾತು ಬರುತ್ತದೆ. ಆಂಬುಲೆನ್ಸಿನ ಮಾತು ಬಂದರೆ ತಾಯಿ ಕೋರ್ಟಿಗೆ ಹೋಗಬಹುದು. ಹಾಗಾಗಿ ರೇಷ್ಮಾ ಮನೆಯವರನ್ನು ಭೇಟಿಯಾಗಕೂಡದು ಎಂದು ಅವಳ ಕೈಗೇ ಒಂದು ಲಿಖಿತ ಸೂಚನೆ ಕೊಟ್ಟಿದ್ದರು. ಅವಳು ಫೋನು ಎತ್ತದಿರುವುದು ಇದಕ್ಕೇ ಎಂದು ಎಲ್ಲರೂ ತಿಳಿದೆವು. ‘ವಿದ್ಯಾರ್ಥಿನಿ ಸಹಕರಿಸುತ್ತಿದ್ದಾಳೆ’ ಎಂದು ಸಭೆಯ ನಡಾವಳಿಯಲ್ಲೂ ಬರೆದರು.

ಆ ಸಭೆಯಲ್ಲಿ ಕನ್ನಡಕದ ಡಬ್ಬಿಯ ಮುಚ್ಚಳ ಮುರಿಯಿತು. “ಒಬ್ಬ ತಾಯಿ ನನ್ನ ಮಗಳು ಹೆದರಿದ್ದಳಾ ಅಂತ ಕೇಳ್ತಿದಾಳೆ. ನೀವಿಲ್ಲಿ ನಾವು ಹೆದರಿದೀವಿ ಅಂತ ಹೇಳ್ತಿದೀರಿ” ಎಂದು ಅಕ್ಕ ಹಿಂದಿಯಲ್ಲಿ ಹೇಳಿದರು. ಲಿಂಗವೆಲ್ಲ ತಪ್ಪಾಗಿತ್ತು. ಯಾರೂ ನಗಲಿಲ್ಲ. ಆದರೆ ಯಾರೂ ಏನೂ ಮಾಡಲೂ ಇಲ್ಲ. ಮುಂದಿನ ವಿಷಯ ಹುಡುಗಿಯ ನೆನಪಿಗೆ ತೋಟದಲ್ಲಿ ಬೆಂಚು ಹಾಕಿಸುವುದು. ಕಲ್ಲಿನದೋ ಕಬ್ಬಿಣದ್ದೋ ಎಂದು ಉತ್ಸಾಹದಿಂದ ಮಾತಾಡಿದರು.

ಅಕ್ಕ ಮಾತ್ರ ಬಿಡುವಾದ ಸಂಜೆಗಳಲ್ಲಿ ಜನಕಪುರಿಗೆ ಹೋಗುತ್ತಲೇ ಇದ್ದರು. ಹೇಳಲು ಏನೂ ಇರುತ್ತಿರಲಿಲ್ಲ. ಹೋಗಿ ಆ ತಾಯಿಯ ಜೊತೆ ಶಾಲೆಯ ಉತ್ತರ ಪತ್ರಿಕೆ ತಿದ್ದುತ್ತ ಕೂರುತ್ತಿದ್ದರು. ಹೊರಡುವಾಗ ಮತ್ತೆ ‘ಆತೀ ಹೂಂ’. ಈಗ ಬೇಕೆಂದೇ ಹೇಳುತ್ತಿದ್ದರು. ನಾನು ಒಮ್ಮೆ ರೇಗಿದೆ, “ಯಾಕಕ್ಕಾ ಸುಮ್ನೆ ಅವರಿಗೆ ಆಸೆ ಹುಟ್ಟಿಸ್ತೀರಿ? ಇವರು ರೇಷ್ಮಾನ್ನ ಬಿಡಲ್ಲ.”

“ಆಸೆಯಲ್ಲ ಕಣೋ. ನಾನು ಆತೀ ಹೂಂ ಅಂದ್ರೆ ಆಯಮ್ಮ ನಂಬ್ತಾಳೆ. ಇಡೀ ಯೂನಿವರ್ಸಿಟೀಲಿ ಅವಳು ನಂಬಿರೋ ಮಾತು ಅದೊಂದೇ. ಅದನ್ನೂ ಸುಳ್ಳು ಮಾಡ್ಲಾ?”

ನನಗೆ ಇನ್ನೂ ಸಿಟ್ಟು ಬಂತು. ಒಬ್ಬರ ಮೊಣಕಾಲು ನೋವಿನ ಮೇಲೆ ಇಡೀ ಸಂಸ್ಥೆಯ ಮಾನ ನಿಂತಿದೆಯಲ್ಲ ಎಂಬ ಸಿಟ್ಟು. ಜನಕಪುರಿಯ ಆ ಮನೆ ಮೂರನೇ ಮಹಡಿಯಲ್ಲಿತ್ತು, ಅಕ್ಕನಿಗೆ ಹತ್ತಲು ಆಗುತ್ತಿರಲಿಲ್ಲ. ಪ್ರತಿ ಮಹಡಿಯಲ್ಲೂ ನಿಂತು ಕುಲಸಚಿವರನ್ನು ಬೈದು ಮುಂದೆ ಹತ್ತುತ್ತಿದ್ದರು.

ರೇಷ್ಮಾಳ ಕೋಣೆಗೆ ಹೋಗಲು ಮಾತ್ರ ಅವರು ಯಾರನ್ನೂ ಕೇಳಲಿಲ್ಲ. ಹಸಿ ಬಟಾಣಿಯ ಕಾಲ ಅದು. ಗೇಟಿನ ಹತ್ತಿರ ಬಟಾಣಿ ಕೊಂಡು ಚೀಲದ ಸಮೇತ ಹಾಸ್ಟೆಲಿಗೆ ಹೋಗಿ ಆ ಹುಡುಗಿಯ ಮಂಚದ ಪಕ್ಕ ನೆಲದ ಮೇಲೆ ಕೂತು ಸುಲಿಯುತ್ತಿದ್ದರು. ಏನೂ ಕೇಳುತ್ತಿರಲಿಲ್ಲ. ಸುಲಿದದ್ದನ್ನು ಅಲ್ಲೇ ಬಿಟ್ಟು, ಅಡುಗೆಯವರಿಗೆ ಕೊಡು ಎಂದು ಹೇಳಿ ಎದ್ದು ಬರುತ್ತಿದ್ದರು. ಡೀನ್ ಮೇಡಂ ಬಟಾಣಿ ಸುಲಿಯುತ್ತಿದ್ದಾರೆ ಎಂದು ವಾರ್ಡನ್ ನನಗೆ ಫೋನು ಮಾಡಿ ದೂರಿದರು. ಕೆಲವು ದಿನವಾದ ಮೇಲೆ ಹುಡುಗಿ ಕೆಳಗಿಳಿದು ತಾನೂ ಸುಲಿಯತೊಡಗಿದಳು. ಇನ್ನೂ ಕೆಲವು ದಿನಕ್ಕೆ ಒಂದು ಮಾತು ಆಡಿದಳು. ಅದನ್ನು ಅಕ್ಕ ನನಗೆ ಅವಳ ಧಾಟಿಯಲ್ಲೇ ಹೇಳಿದರು: “ಮೇಡಂ, ನಂಗ ಆಕಿ ಅವ್ವನ ಮಾರಿ ನೋಡಾಕ ಆಗೂದಿಲ್ರಿ. ಆಕಿ ಹೋಗೂಮುಂದ ನಂಗ ಒಂದ್ ಮಾತ್ ಹೇಳ್ಯಾಳ. ಅದನ್ನ ಮುರದಂಗ ಆಗತೈತಿ.”

ಯಾವ ಮಾತು ಎಂದು ಅಕ್ಕ ಕೇಳಲಿಲ್ಲ. ಅವರಿಗೂ ಆಗಲೇ ಗೊತ್ತಾದದ್ದು, ಹುಡುಗಿಯ ಬಾಯಿ ಕಟ್ಟಿದ್ದು ವಿಶ್ವವಿದ್ಯಾಲಯದ ಸೂಚನೆಯಲ್ಲ ಎಂದು. ಆ ಸೂಚನೆಯನ್ನು ಅವಳು ಪೂರ್ತಿ ಓದಿಯೂ ಇರಲಿಲ್ಲ, ಅದು ಕಿಟಕಿಯ ಸಂದಿಗೆ ಗಾಳಿ ಬರದ ಹಾಗೆ ಸೇರಿತ್ತು.

“ಅವಳಮ್ಮ ಬರೀ ಒಂದು ಕೇಳ್ತಾಳೆ ಕಣೇ” ಎಂದರಂತೆ ಅಕ್ಕ. “ಹೆದರಿದ್ದಳಾ ಅಂತ. ನಿಂಗೆ ಯಾವಾಗ ಆಗುತ್ತೋ ಆಗ ಹೇಳು. ಆಗದಿದ್ರೂ ಬೇಡ. ನಾನಂತೂ ಬಟಾಣಿ ಮುಗಿಯೋವರೆಗೂ ಬರ್ತಿರ್ತೀನಿ.”

ರೇಷ್ಮಾ ಆ ಮನೆಗೆ ಹೋಗಿ ಬಂದ ಮೇಲೆ ಕಚೇರಿಯಲ್ಲಿ ಏನಾಯಿತು ಎಂಬುದನ್ನು ಮೊದಲೇ ಇಲ್ಲಿ ಹೇಳಿ ಕೈತೊಳೆದುಕೊಳ್ಳುತ್ತೇನೆ. ಅದು ಕೊನೆಗೆ ಉಳಿಯುವ ಯೋಗ್ಯತೆಯ ವಿಷಯವಲ್ಲ. ಸೂಚನೆ ಮೀರಿ ವಿದ್ಯಾರ್ಥಿನಿಯನ್ನು ಕರೆದೊಯ್ದದ್ದಕ್ಕೆ ಅಕ್ಕನಿಂದ ವಿವರಣೆ ಕೇಳಿದರು. ಡೀನ್ ಸ್ಥಾನದಿಂದ ಬಿಡಿಸಿ ಮತ್ತೆ ಸಸ್ಯಶಾಸ್ತ್ರಕ್ಕೆ ಕಳಿಸಿದರು. ತಾಯಿ ಕೋರ್ಟಿಗೆ ಹೋಗಲಿಲ್ಲ, ಅವರಿಗೆ ಕೋರ್ಟು ಬೇಕಾಗಿರಲೇ ಇಲ್ಲ. ಆಂಬುಲೆನ್ಸಿನ ನಿಯಮ ಬದಲಾಯಿಸಿ ಎಂದು ಅಕ್ಕ ನಿವೃತ್ತಿಯವರೆಗೂ ಕೇಳಿದರು. ಪರಿಶೀಲನೆಯಲ್ಲಿದೆ ಎಂದರು. ಈಗಲೂ ಪರಿಶೀಲನೆಯಲ್ಲಿದೆ. ಆ ವರ್ಷದ ವರದಿಯಲ್ಲಿ ಮಾತ್ರ ‘ವಿಶ್ವವಿದ್ಯಾಲಯವು ಮೃತ ವಿದ್ಯಾರ್ಥಿನಿಯ ಕುಟುಂಬದೊಂದಿಗೆ ನಿರಂತರ ಸಂಪರ್ಕದಲ್ಲಿತ್ತು’ ಎಂದು ಅಚ್ಚಾಯಿತು. ಅಂದರೆ ಅಕ್ಕನ ಮೊಣಕಾಲು. ಅದನ್ನು ತೋರಿಸಿದಾಗ ಅವರು ಬೈಯುತ್ತಾರೆ ಎಂದುಕೊಂಡಿದ್ದೆ. “ಬಿಡು, ಮೆಟ್ರೋ ಕಾರ್ಡಿಗಾದ್ರೂ ಕೊಡ್ತಾರಾ ಕೇಳು” ಎಂದು ನಕ್ಕು ಎಲೆಯೊಂದನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರು. ನನಗೆ ನಗು ಬರಲಿಲ್ಲ, ಈಗಲೂ ಬರುವುದಿಲ್ಲ.

ರೇಷ್ಮಾ ತಾನಾಗಿಯೇ ಒಂದು ಭಾನುವಾರ ಅಕ್ಕನಿಗೆ ಫೋನು ಮಾಡಿದಳು. “ನಾ ಬರ್ತೀನ್ರಿ ಮೇಡಂ” ಎಂದಳು. ಅಕ್ಕ ನನ್ನನ್ನೂ ಕರೆದರು. ಮೆಟ್ರೋದಲ್ಲಿ ಆ ಹುಡುಗಿ ಕಂಬ ಹಿಡಿದು ನಿಂತೇ ಬಂದಳು, ಸೀಟು ಖಾಲಿಯಿದ್ದರೂ ಕೂರಲಿಲ್ಲ. ಅಕ್ಕ ಅವಳ ಪಕ್ಕದಲ್ಲಿ ನಿಂತೇ ಬಂದರು.

ತಾಯಿ ಬಾಗಿಲು ತೆರೆದರು. ರೇಷ್ಮಾಳನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದು, ಒಳಗೆ ಬಾ ಬೇಟಾ ಎಂದರು. ಮಿನ್ನಿಯ ಅಪ್ಪ ಒಳಕೋಣೆಯಿಂದ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತರು. ಗಾಜಿನ ಚೌಕಟ್ಟು ಈಗ ಫ್ರಿಜ್ಜಿನ ಮೇಲೆ ಗೋಡೆಗೆ ಮುಖ ಮಾಡಿ ನಿಂತಿತ್ತು. ಎಲ್ಲರೂ ಕೂತೆವು. ಯಾರೂ ಕೇಳುವ ಮೊದಲೇ ಹುಡುಗಿ ನೆಲ ನೋಡುತ್ತ ಹಿಂದಿಯಲ್ಲಿ ಶುರು ಮಾಡಿದಳು. ಇಷ್ಟು ದಿನ ಬಾಯಲ್ಲಿ ಇಟ್ಟುಕೊಂಡದ್ದು ಒಂದೇ ಸಮ ಬಂತು.

“ಆಂಟೀ, ನಾನು ಅವಳನ್ನ ಬಿಟ್ಟು ಓಡಿದೆ. ಗೇಟಿನ ಹತ್ತಿರ ಆಂಬುಲೆನ್ಸ್ ಇರುತ್ತೆ ಅಂತ ಗೊತ್ತಿತ್ತು, ಅದಕ್ಕೆ ಓಡಿದೆ. ಅವರು ತರಲಿಲ್ಲ. ಕಾಲು ಹಿಡ್ಕೊಂಡೆ, ತರಲಿಲ್ಲ. ವಾಪಸ್ ಬಂದಾಗ ಅವಳಲ್ಲಿ ಉಸಿರು ಇರಲಿಲ್ಲ. ಮೋಮೊ ಮಾರೋ ದೀದಿ ಇದ್ದರು. ಅವಳ ತಲೆ ಕೆಳಗೆ ತಮ್ಮ ಶಾಲು ಇಟ್ಟಿದ್ದರು, ಕೈ ಹಿಡ್ಕೊಂಡಿದ್ದರು. ನೀನು ಹೋದಾಗಿಂದ ಬಿಟ್ಟಿಲ್ಲ ಅಂದರು. ನಾನು ಬಿಟ್ಟೆ, ಅವರು ಬಿಡಲಿಲ್ಲ.”

ಆ ದೀದಿಯನ್ನು ಕೇಳೋಣವೆಂದರೆ ಗಲ್ಲಿಯಲ್ಲಿ ಈಗ ಒಂದು ಗಾಡಿಯೂ ಇರಲಿಲ್ಲ. ವಿದ್ಯಾರ್ಥಿಗಳ ಸುರಕ್ಷತೆಗೆಂದು ವಿಶ್ವವಿದ್ಯಾಲಯವೇ ಪೊಲೀಸರಿಗೆ ಬರೆದು ಎಲ್ಲ ಎತ್ತಿಸಿತ್ತು. ಅಕ್ಕ ನನ್ನ ಕಡೆ ನೋಡಿದರು. ಆ ಪತ್ರ ಬರೆದವನೂ ನಾನೇ, ತಲೆ ತಗ್ಗಿಸಿದೆ.

ತಾಯಿ ಕೇಳಿದರು, “ನೀನು ಓಡೋ ಮೊದಲು ಅವಳಿಗೆ ಎಚ್ಚರ ಇತ್ತಾ?”

“ಇತ್ತು.”

“ಏನಾದ್ರೂ ಹೇಳಿದಳಾ?”

ರೇಷ್ಮಾ ಕೈಯಲ್ಲಿದ್ದ ದುಪಟ್ಟಾದ ಅಂಚು ಸುತ್ತುತ್ತ ಬಿಚ್ಚುತ್ತ ಕೂತಳು. ಅಕ್ಕ ಅವಳ ಬೆನ್ನಿನ ಮೇಲೆ ಕೈ ಇಟ್ಟು ಕನ್ನಡದಲ್ಲಿ, “ಹೇಳ್ಬಿಡು ಮಗಾ, ಇವರು ಅವಳಮ್ಮ” ಎಂದರು.

“ಹೇಳಬೇಡ ಅಂದಿದ್ದಳು ಆಂಟೀ. ಅದಕ್ಕೇ ನಾನು ನಿಮ್ಮ ಫೋನು ಎತ್ತಲಿಲ್ಲ. ಅವಳು ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡು ಅಂದದ್ದು ಅದೊಂದೇ ಮಾತು. ‘ಮಮ್ಮೀ ಕೋ ಮತ್ ಬತಾನಾ.’ ಅಮ್ಮನಿಗೆ ಹೇಳಬೇಡ ಅಂತ. ಜಾಂಡೀಸ್ ಆದ್ಮೇಲೆ ಹೊರಗಡೆ ತಿನ್ನಬಾರದು ಅಂತ ನೀವು ಆಣೆ ಹಾಕಿಸ್ಕೊಂಡಿದ್ರಂತೆ. ಲೈಬ್ರರೀಲಿದೀನಿ ಅಂತ ನಿಮಗೆ ಮೆಸೇಜ್ ಹಾಕಿದ್ದಳು. ಅದಕ್ಕೆ.”

ತಾಯಿಗೆ ಇಷ್ಟು ದಿನ ನಾವು ನೋಡಿರದ ಅಳು ಬಂತು, ಅದರ ಮಧ್ಯೆ ಒಂದು ನಗುವೂ ಬಂದ ಹಾಗಾಯಿತು. ಅಕ್ಕನ ತೋಳು ಹಿಡಿದು ಎಳೆದರು, ತನಗೆ ಕೇಳಿಸಿದ್ದು ಸರಿಯೇ ಎಂದು ಇನ್ನೊಬ್ಬರಿಂದ ಕೇಳಿ ತಿಳಿಯುವವರ ಹಾಗೆ.

“ಸಾಯ್ತೀನಿ ಅಂತ ಅವಳಿಗೆ ಗೊತ್ತೇ ಇರಲಿಲ್ಲ, ಅಲ್ವಾ ಮೇಡಂ? ಮನೆಗೆ ಬಂದರೆ ನಾನು ಬೈತೀನಿ ಅಂತ ಹೆದರಿದ್ದಳು. ಅಷ್ಟೇ ಅಲ್ವಾ?”

“ಹೂಂ, ಅಷ್ಟೇ” ಎಂದರು ಅಕ್ಕ.